ಶಾಲಾ ಕ್ರೀಡಾಕೂಟಗಳಲ್ಲಿ ಎನರ್ಜಿ ಡ್ರಿಂಕ್ ಬೇಡ

ಮಾನ್ಯ ಸಂಪಾದಕರೇ,

ಬೆಂಗಳೂರಿನ ಅಂತರಶಾಲಾ ಕ್ರೀಡಾಕೂಟಗಳಲ್ಲಿ ಓಟಕ್ಕೋ ಈಜಿಗೋ ಇಳಿಯುವ ಮೊದಲು ಮಕ್ಕಳು ಎನರ್ಜಿ ಡ್ರಿಂಕ್ ಕುಡಿಯುವುದು, ಕೆಲವೆಡೆ ಹೆತ್ತವರೇ ಅದನ್ನು ತಂದುಕೊಡುವುದು ಈಚೆಗೆ ಕಣ್ಣಿಗೆ ಬೀಳುತ್ತಿದೆ. ದೈಹಿಕ ಶಿಕ್ಷಣ ಶಿಕ್ಷಕನಾಗಿ ದುಡಿದು ನಿವೃತ್ತನಾದ ನನಗೆ ಇದು ತೀರ ಕಳವಳದ ಸಂಗತಿಯಾಗಿ ತೋರುತ್ತಿದೆ.

ಈ ಪಾನೀಯಗಳಲ್ಲಿರುವ ಉತ್ತೇಜಕವಾದ ಕೆಫೀನ್‌ನಿಂದ ಕ್ರೀಡಾಪಟುವಿಗೆ ಪ್ರಯೋಜನವಿಲ್ಲವೆಂದು ನನ್ನ ವಾದವಲ್ಲ. ದೇಹ ದಣಿದಿದೆಯೆಂದು ಮಿದುಳಿಗೆ ತಿಳಿಸುವ ಅಡೆನೊಸಿನ್ ಎಂಬ ರಾಸಾಯನಿಕದ ಕೆಲಸವನ್ನು ಕೆಫೀನ್ ತಡೆಯುವುದರಿಂದ ಪಡುತ್ತಿರುವ ಶ್ರಮ ಕಡಿಮೆಯೆನಿಸುತ್ತದೆ. ದೂರದ ಓಟ, ಸೈಕ್ಲಿಂಗ್‌ನಂತಹ ಸ್ಪರ್ಧೆಗಳಲ್ಲಿ ಇದರ ಲಾಭ ಸಣ್ಣದಾದರೂ ನಿಜವೆಂದು ಅನೇಕ ಅಧ್ಯಯನಗಳು ತೋರಿಸಿವೆ. ಹಿಂದೆ ಮೂತ್ರದಲ್ಲಿ ನಿಗದಿತ ಮಿತಿಗಿಂತ ಹೆಚ್ಚು ಕೆಫೀನ್ ಕಂಡುಬಂದರೆ ಕ್ರೀಡಾಪಟುವಿನ ಮೇಲೆ ಕ್ರಮ ಕೈಗೊಳ್ಳಲಾಗುತ್ತಿತ್ತು. ವಿಶ್ವ ಉದ್ದೀಪನ ಮದ್ದು ತಡೆ ಘಟಕವು 2004ರಲ್ಲಿ ಅದನ್ನು ನಿಷೇಧಿತ ಪಟ್ಟಿಯಿಂದ ಕೈಬಿಟ್ಟಿತು. ಈ ಸಡಿಲಿಕೆಯನ್ನೇ ಹಿಡಿದು ‘ನಿಷೇಧವಿಲ್ಲದ ಮೇಲೆ ಕೊಟ್ಟರೇನು’ ಎಂದು ಕೇಳುವ ತರಬೇತುದಾರರಿದ್ದಾರೆ. ನಿಷೇಧವಿಲ್ಲವೆಂದ ಮಾತ್ರಕ್ಕೆ ಅದು ಮಕ್ಕಳಿಗೆ ತಕ್ಕದ್ದಾಗುವುದಿಲ್ಲ.

ಪ್ರಶ್ನೆ ಇರುವುದು ಪ್ರಮಾಣದಲ್ಲಿ. ಸ್ಪರ್ಧೆಗೆ ಸುಮಾರು ಒಂದು ಗಂಟೆ ಮೊದಲು ದೇಹತೂಕದ ಪ್ರತಿ ಕಿಲೋಗ್ರಾಂಗೆ 3ರಿಂದ 6 ಮಿಲಿಗ್ರಾಂ ಕೆಫೀನ್ ಸೇವಿಸಿದರೆ ಅನುಕೂಲವೆಂಬ ಲೆಕ್ಕ ಬಹುಪಾಲು ವಯಸ್ಕ ಕ್ರೀಡಾಪಟುಗಳ ಮೇಲಿನ ಪರೀಕ್ಷೆಗಳಿಂದ ಬಂದದ್ದು. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವು 2015ರಲ್ಲಿ ಮಕ್ಕಳಿಗೆ ಆತಂಕವಿಲ್ಲದ ಮಟ್ಟವೆಂದು ಹೇಳಿದ್ದು ಇಡೀ ದಿನಕ್ಕೆ ಕಿಲೋಗ್ರಾಂಗೆ 3 ಮಿಲಿಗ್ರಾಂ. ಎಂದರೆ, ವಯಸ್ಕರಿಗೆ ಒಂದೇ ಸಲಕ್ಕೆ ಹೇಳಿರುವ ಪ್ರಮಾಣ ಎಲ್ಲಿ ಶುರುವಾಗುತ್ತದೆಯೋ ಅಲ್ಲಿಗೆ ಮಗುವಿನ ದಿನದ ಮಿತಿ ಮುಗಿದಿರುತ್ತದೆ. 40 ಕಿಲೋ ತೂಕದ ಬಾಲಕನಿಗೆ ಈ ಮಿತಿ 120 ಮಿಲಿಗ್ರಾಂ. ನಮ್ಮ ದೇಶದ ನಿಯಮದಂತೆ ಕೆಫೀನ್‌ಯುಕ್ತ ಪಾನೀಯದಲ್ಲಿ ಲೀಟರಿಗೆ 300 ಮಿಲಿಗ್ರಾಂವರೆಗೆ ಕೆಫೀನ್ ಇರಬಹುದಾದ್ದರಿಂದ 250 ಮಿಲಿಲೀಟರಿನ ಒಂದು ಕ್ಯಾನ್‌ನಲ್ಲಿ 75 ಮಿಲಿಗ್ರಾಂ ಇರಬಹುದು. ಹೀಟ್ಸ್ ಎಂಬ ಆರಂಭಿಕ ಸುತ್ತಿಗೊಂದು, ಫೈನಲ್‌ಗೊಂದು ಕುಡಿದರೆ ಮಿತಿ ದಾಟಿತು. ಬೆಳಿಗ್ಗೆ ಮನೆಯಲ್ಲಿ ಕುಡಿದ ಕಾಫಿ ಇದಕ್ಕೆ ಸೇರುತ್ತದೆ. ರೊಬಸ್ಟಾ ಬೀಜದಲ್ಲಿ ಅರೇಬಿಕಾದ ಸುಮಾರು ಎರಡರಷ್ಟು ಕೆಫೀನ್ ಇದ್ದು, ಚಿಕೋರಿಯಲ್ಲಿ ಅದು ಇಲ್ಲವೇ ಇಲ್ಲವಾದ್ದರಿಂದ, ಲೋಟದ ಫಿಲ್ಟರ್ ಕಾಫಿಯಲ್ಲಿ ಎಷ್ಟಿದೆಯೆಂದು ಯಾವ ತಾಯಿತಂದೆಯೂ ಅಳೆದು ಹೇಳಲಾರರು.

ಸಂಜೆಯ ಅಭ್ಯಾಸಕ್ಕೆ ಬರುವ ಮಕ್ಕಳ ವಿಷಯದಲ್ಲಿ ನಿದ್ರೆಯ ಪ್ರಶ್ನೆ ಇನ್ನೂ ದೊಡ್ಡದು. ರಕ್ತದಲ್ಲಿನ ಕೆಫೀನ್ ಅರ್ಧಕ್ಕಿಳಿಯಲು ವಯಸ್ಕರಲ್ಲೇ ಸುಮಾರು ಐದು ಗಂಟೆ ಬೇಕು. ಮಲಗುವ ಆರು ಗಂಟೆ ಮೊದಲು 400 ಮಿಲಿಗ್ರಾಂ ಸೇವಿಸಿದ ವಯಸ್ಕರ ನಿದ್ರೆ ಒಂದು ಗಂಟೆಗೂ ಹೆಚ್ಚು ಕಡಿಮೆಯಾದದ್ದನ್ನು ಒಂದು ಅಧ್ಯಯನ ದಾಖಲಿಸಿದೆ. ಆರು ಗಂಟೆಗೆ ಕ್ಯಾನ್ ಕುಡಿದ ಹುಡುಗಿ ಹತ್ತಕ್ಕೆ ಮಲಗಿ ಮಾರನೆಯ ದಿನ ನಸುಕಿನಲ್ಲಿ ಮತ್ತೆ ಮೈದಾನಕ್ಕೆ ಬರಬೇಕಲ್ಲವೇ? ಅಭ್ಯಾಸದಿಂದ ದಣಿದ ಸ್ನಾಯು ಚೇತರಿಸಿಕೊಳ್ಳಲು ನಿದ್ರೆ ಬೇಕೇ ಬೇಕು. ಜಿಮ್‌ಗಳಲ್ಲಿ ವ್ಯಾಯಾಮಕ್ಕೆ ಮೊದಲು ಬಳಸುವ ಪ್ರಿ-ವರ್ಕ್‌ಔಟ್ ಪುಡಿಗಳಂತೂ ಇನ್ನೂ ಅಪಾಯಕಾರಿ; ಒಂದೇ ಅಳತೆಯಲ್ಲಿ 200 ಮಿಲಿಗ್ರಾಂಗೂ ಹೆಚ್ಚು ಕೆಫೀನ್ ಇರುವಂಥವು ಮಾರುಕಟ್ಟೆಯಲ್ಲಿವೆ. ಎದೆ ಡವಗುಟ್ಟುವುದು, ಕೈ ನಡುಗುವುದು, ಹೊಟ್ಟೆ ತೊಳಸುವುದು ಅತಿಯಾದ ಕೆಫೀನ್‌ನ ಲಕ್ಷಣಗಳಾಗಿದ್ದು, ಮಗು ಹೀಗೆಂದು ಹೇಳಿಕೊಂಡಾಗ ಅದನ್ನು ಸ್ಪರ್ಧೆಯ ಅಳುಕೆಂದು ತಳ್ಳಿಹಾಕುವುದು ತಪ್ಪು.

ಈ ಕ್ಯಾನ್‌ಗಳ ಮೇಲೆ ಮಕ್ಕಳಿಗೆ ಇದು ಸೂಕ್ತವಲ್ಲವೆಂಬ ಸೂಚನೆ ಇರುತ್ತದೆಯಾದರೂ ಅಕ್ಷರ ಸಣ್ಣದು, ಭಾಷೆ ಇಂಗ್ಲಿಷ್. ಶಾಲಾ ಶಿಕ್ಷಣ ಇಲಾಖೆಯು ಹದಿನೆಂಟರೊಳಗಿನವರ ಕ್ರೀಡಾಕೂಟಗಳಲ್ಲಿ ಈ ಪಾನೀಯಗಳ ಮಾರಾಟವನ್ನೂ ಪ್ರಾಯೋಜಕತ್ವವನ್ನೂ ನಿಲ್ಲಿಸಬೇಕು. ಎಚ್ಚರಿಕೆಯನ್ನು ದಪ್ಪಕ್ಷರದ ಕನ್ನಡದಲ್ಲಿ ಮೈದಾನದ ಬಾಗಿಲಲ್ಲೇ ಹಾಕಿಸಬೇಕು. ಕುಡಿಯುವ ನೀರು ಮತ್ತು ಮಜ್ಜಿಗೆಯನ್ನು ಆಯೋಜಕರೇ ಒದಗಿಸುವಂತೆ ಮುಂದಿನ ಕ್ರೀಡಾ ಋತುವಿಗೆ ಮುಂಚೆಯೇ ಸುತ್ತೋಲೆ ಹೊರಡಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

– ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ, ಬಸವನಗುಡಿ, ಬೆಂಗಳೂರು