ಬೆನ್ನ ಹಿಂದಿನ ಸಪ್ಪಳ

ಚಿ. ಶುಭಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಎಡಿನ್‌ಬರ್ಗ್‌ನ ಚಳಿಯ ಬಗ್ಗೆ ಬರೆದದ್ದನ್ನೆಲ್ಲ ಓದಿದೆ. ಆದರೆ ರಾತ್ರಿ ಗ್ರೇಫ್ರಯರ್ಸ್ ಸ್ಮಶಾನದ ಪಕ್ಕ ನಡೆದು ಬರುವಾಗ ಬೆನ್ನ ಹಿಂದೆ ಸಪ್ಪಳ ಕೇಳಿಸುತ್ತದೆ ಎಂದೆಯಲ್ಲ, ಆ ಸಾಲು ನನ್ನನ್ನು ಬಿಡುತ್ತಿಲ್ಲ.

ಅದು ಮೆಕೆಂಜಿಯ ಪಿಶಾಚಿ ಎಂದು ಗೆಳತಿಯರು ಹೆದರಿಸಿದರಂತೆ. ಅವನು ಬದುಕಿದ್ದಾಗಲೇ ಕಾಟ ಕೊಟ್ಟವನು; ರಾಜನ ಧರ್ಮನೀತಿಯನ್ನು ಒಪ್ಪದ ಕವೆನೆಂಟರ್‌ಗಳ ಮೇಲೆ ಮೊಕದ್ದಮೆ ಹೂಡಿದ ಸರ್ಕಾರಿ ವಕೀಲ. 1679ರಲ್ಲಿ ಯುದ್ಧ ಸೋತ ಸಾವಿರಕ್ಕೂ ಹೆಚ್ಚು ಮಂದಿಯನ್ನು ಆ ಸ್ಮಶಾನಕ್ಕೆ ತಾಗಿದ ಬಯಲಿನಲ್ಲೇ ಕೂಡಿಹಾಕಿದ್ದರು. ಅವನು ಸತ್ತದ್ದು 1691ರಲ್ಲಿ. ಗೋರಿಯ ಬಳಿ ಹೋದವರ ಮೈಮೇಲೆ ಪರಚಿದ ಗಾಯ ಏಳುತ್ತದೆ ಎಂಬ ಕಥೆ ಹಬ್ಬಿದ್ದು ಮಾತ್ರ ತೀರ ಈಚೆಗೆ, ತೊಂಬತ್ತರ ದಶಕದ ಕೊನೆಯಲ್ಲಿ. ಮುನ್ನೂರು ವರ್ಷ ಸುಮ್ಮನಿದ್ದವನ ಚಿಂತೆ ನನಗಿಲ್ಲ. ಆ ಸಪ್ಪಳ ಬೂಟಿನದೇ? ನೀನು ನಿಂತಾಗ ಅದೂ ನಿಲ್ಲುತ್ತದೆಯೇ?

ಅಲ್ಲಿಗೆ ಸಮೀಪದ ವೆಸ್ಟ್ ಪೋರ್ಟ್‌ನಲ್ಲಿ ಬರ್ಕ್ ಮತ್ತು ಹೇರ್ 1828ರ ಹೊತ್ತಿಗೆ ಹದಿನಾರು ಜನರನ್ನು ಕೊಂದು, ಶವಗಳನ್ನು ಅಂಗರಚನಾಶಾಸ್ತ್ರ ಕಲಿಸುತ್ತಿದ್ದ ಡಾ. ನಾಕ್ಸ್‌ಗೆ ಮಾರಿದರು. ಕೊನೆಯವಳು ಮೇರಿ ಡೋಹರ್ಟಿ, ಮಗನನ್ನು ಹುಡುಕಿಕೊಂಡು ಐರ್ಲೆಂಡಿನಿಂದ ಬಂದವಳು. 'ನನ್ನ ತಾಯಿಯೂ ಡೋಹರ್ಟಿಯೇ' ಎಂದು ಬರ್ಕ್ ಅವಳನ್ನು ಮನೆಗೆ ಕರೆದೊಯ್ದ. ಹುಲ್ಲಿನಡಿ ಹೆಣ ಕಂಡ, ಆ ಮನೆಯಲ್ಲಿ ಬಾಡಿಗೆಗಿದ್ದ ದಂಪತಿ, ಬಾಯಿ ಮುಚ್ಚಿಸಲು ಒಡ್ಡಿದ ಹಣ ಮುಟ್ಟದೆ ಪೊಲೀಸರಿಗೆ ತಿಳಿಸಿದರು. ಬರ್ಕ್‌ನ ಅಸ್ಥಿಪಂಜರ ಈಗಲೂ ನಿನ್ನ ವಿಶ್ವವಿದ್ಯಾಲಯದಲ್ಲೇ ಇದೆ.

ನಾನು ವೈದ್ಯಕೀಯ ಓದುವಾಗ ನಮ್ಮ ಮೇಜಿಗೆ ಬಂದದ್ದೂ ವಾರಸುದಾರರಿಲ್ಲದ ಒಬ್ಬ ಮುದುಕನ ಶವ. ಮುಂಗೈ ಮೇಲೆ ಹಸಿರು ಹಚ್ಚೆಯಲ್ಲಿ ಒಬ್ಬ ಹೆಂಗಸಿನ ಹೆಸರಿತ್ತು, ಕೊನೆಯ ಅಕ್ಷರ ಮಾಸಿತ್ತು. ನಾವು ಆ ಕೈಯ ನರಗಳನ್ನು ಬಿಡಿಸಿ ಕಲಿತೆವು. ಅವಳು ಯಾರು, ಅವನಿಗಾಗಿ ಕಾದಳೇ ಎಂದು ಒಬ್ಬರೂ ವಿಚಾರಿಸಲಿಲ್ಲ. ಈಗ ವಿಚಾರಿಸಲು ಯಾರಿದ್ದಾರೆ?

ಪರ ಊರಿನಲ್ಲಿ ಕನ್ನಡ ಕೇಳಿದರೆ ಜೀವ ಹಗುರಾಗುತ್ತದೆ, ನಿಜ. ಆದರೂ 'ನಾವೂ ನಿಮ್ಮ ಕಡೆಯವರೇ' ಎಂದ ಮಾತ್ರಕ್ಕೆ ಯಾರ ಮನೆಗೂ ಹೋಗಬೇಡ. ಹೀಗೆ ಬರೆಯಲು ನನಗೇ ಸಂಕೋಚ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ನಡೆಯಬೇಡ. ಸುತ್ತಾದರೂ ದೀಪವಿರುವ ಬೀದಿಯಲ್ಲೇ ಬಾ. ಆ ಹೊತ್ತಿಗೆ ನನಗೆ ಫೋನ್ ಮಾಡು, ಇಲ್ಲಿ ನಡುರಾತ್ರಿಯಾದರೂ ಚಿಂತೆಯಿಲ್ಲ, ಹೇಗೂ ನಿದ್ದೆ ಬರುವುದಿಲ್ಲ. ಮತ್ತೆ ಸಪ್ಪಳ ಕೇಳಿಸಿದರೆ ಯಾವುದಾದರೂ ಅಂಗಡಿಯೊಳಗೆ ಹೋಗಿಬಿಡು.

ಹತ್ತಿರದಲ್ಲೇ ಕೋಣೆ ಸಿಕ್ಕರೆ ಬದಲಾಯಿಸು. ಬಾಡಿಗೆಯ ವಿಷಯ ನಿನ್ನ ಅಪ್ಪನ ಬಳಿ ನಾನು ಮಾತನಾಡುತ್ತೇನೆ.

ನಿನ್ನ ದೊಡ್ಡಪ್ಪ