ಜುಲೈ 26ರ ಸನ್ಮಾನ: ಪಕ್ಷದ ಶಾಲು ಬೇಡ

ಎಲ್ಲರಿಗೂ ನಮಸ್ಕಾರ.

ಕಾರ್ಗಿಲ್ ವಿಜಯ ದಿನದ ಸನ್ಮಾನ ಬೆಳಿಗ್ಗೆ 10ಕ್ಕೆ, ನಮ್ಮ ಸಮುದಾಯ ಭವನದಲ್ಲಿ. ತೀರ್ಥಹಳ್ಳಿ, ಹೊಸನಗರ ಕಡೆಯ ಮಾಜಿ ಸೈನಿಕರು ಮಳೆಯಲ್ಲಿ ಬರುತ್ತಾರೆ. ಯಾವ ಮುಖಂಡರಿಗೂ ಕಾಯುವುದಿಲ್ಲ. ಮುಂದಿನ ಸಾಲು ಸೈನಿಕರಿಗೆ ಮತ್ತು ಹುತಾತ್ಮರ ಮನೆಯವರಿಗೆ.

ಶಾಲು ಬಿಳಿಯದೇ ಇರಲಿ. ಪಕ್ಷದ ಬಣ್ಣದ ಶಾಲು ಹೊದಿಸಿದ ಒಂದು ಫೋಟೊ ವಾಟ್ಸ್ಆ್ಯಪ್‌ನಲ್ಲಿ ಹರಿದಾಡಿದರೆ ಸಂಜೆಯೊಳಗೆ ಆ ಸೈನಿಕರು 'ಆ ಕಡೆಯವರು' ಆಗಿಬಿಡುತ್ತಾರೆ. ಆಮೇಲೆ ಅವರು ಒಂದು ಶ್ರೇಣಿ ಒಂದು ಪಿಂಚಣಿಯ ಬಗ್ಗೆ ಕೇಳಿದರೂ, 2022ರ ಸೇನಾ ನೇಮಕಾತಿ ಯೋಜನೆ ಅಗ್ನಿಪಥದ ಬಗ್ಗೆ ಮಾತಾಡಿದರೂ ಜನ ವಿಷಯ ಕೇಳುವುದಿಲ್ಲ, ಪಕ್ಷ ನೋಡಿ ಚಪ್ಪಾಳೆ ತಟ್ಟುತ್ತಾರೆ ಇಲ್ಲವೇ ಬೈಯುತ್ತಾರೆ. ಇದು ಗೌರವವೇ ಅಲ್ಲ.

ಫ್ಲೆಕ್ಸ್ ಒಂದೇ. ಅದರಲ್ಲಿ ಸೈನಿಕರ ಹೆಸರು, ಹುದ್ದೆ, ರೆಜಿಮೆಂಟ್ ಮಾತ್ರ. ಮುಖಂಡರ ಫೋಟೊ, ಪಕ್ಷದ ಚಿಹ್ನೆ ಇಲ್ಲ. ಸೈನಿಕರ ಚಿತ್ರ ಪ್ರಚಾರಕ್ಕೆ ಬಳಸಬೇಡಿ ಎಂದು ಚುನಾವಣಾ ಆಯೋಗ 2013ರಲ್ಲೇ ಪಕ್ಷಗಳಿಗೆ ಹೇಳಿತ್ತು, 2019ರ ಮಾರ್ಚ್‌ನಲ್ಲಿ ಮತ್ತೆ ನೆನಪಿಸಿತು. ನಮ್ಮದು ಚುನಾವಣಾ ಸಭೆಯಲ್ಲ, ಆದರೂ ಅದೇ ಶಿಸ್ತು ಪಾಲಿಸೋಣ. ರಾಷ್ಟ್ರದ ಬಾವುಟವನ್ನು ಮೇಜಿನ ಹೊದಿಕೆ ಮಾಡಬೇಡಿ, ಧ್ವಜ ಸಂಹಿತೆ ಒಪ್ಪುವುದಿಲ್ಲ.

ಎಲ್ಲ ಪಕ್ಷದವರೂ ಬರಲಿ, ಸಭಿಕರಾಗಿ ಕೂರಲಿ. ನಿರೂಪಕರು ವೇದಿಕೆಯಲ್ಲಿ 'ಯಾರ ಸರ್ಕಾರ ಸೈನಿಕರಿಗೆ ಹೆಚ್ಚು ಮಾಡಿತು' ಅಂತ ದಯವಿಟ್ಟು ಕೇಳಬೇಡಿ. ಸೇವೆಯ ಬಗ್ಗೆ ಕೇಳಿ: ಎಲ್ಲಿ ಇದ್ದರು, ಏನು ಕೆಲಸ.

ನಿಮ್ಮ ಊರಿನ ಮಾಜಿ ಸೈನಿಕರ ಹೆಸರು, ಹುದ್ದೆಯನ್ನು ಅವರನ್ನೇ ಕೇಳಿ ಖಚಿತಪಡಿಸಿಕೊಂಡು ಜುಲೈ 20ರೊಳಗೆ ಇಲ್ಲಿ ಹಾಕಿ. ಹವಾಲ್ದಾರರನ್ನು ಸುಬೇದಾರ್ ಅಂತ ಬರೆದರೆ ಅವರಿಗೇ ಮುಜುಗರ. ವಯಸ್ಸಾದವರನ್ನು ಕರೆತರಲು ಕಾರು ಕೊಡುವವರು 'ಕಾರು' ಅಂತ ಉತ್ತರಿಸಿ.