ಮೂರು ಮಾತ್ರೆಗಳ ಮೊದಲ ತಿಂಗಳು: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ಉನ್ಮಾದವೆಂಬ ಮನಸ್ಸಿನ ಕಾಯಿಲೆಗೆ ಕೊಟ್ಟ ಲಿಥಿಯಂ, ಒಲಾಂಜಪಿನ್, ಕ್ಲೊನಾಜೆಪಾಮ್ ಮೂರೂ ಒಂದೇ ವಾರದಲ್ಲಿ ಶುರುವಾದವೆಂದೂ, ಕೈ ನಡುಗುತ್ತದೆ, ಬಾಯಿ ಒಣಗುತ್ತದೆ, ಮಟಮಟ ಮಧ್ಯಾಹ್ನವೂ ಕಣ್ಣೆಳೆಯುತ್ತದೆ, ಯಾವುದು ಯಾವುದರ ಕಾಟವೆಂದು ತಿಳಿಯದೆ ಎಲ್ಲವನ್ನೂ ಎಸೆದುಬಿಡೋಣ ಎನ್ನಿಸುತ್ತದೆ ಎಂದೂ ಬರೆದಿದ್ದೀಯ. ಒಂಬತ್ತು ವರ್ಷಗಳ ಹಿಂದೆ ಇದೇ ಮೂರು ಮಾತ್ರೆಗಳ ಸ್ಟ್ರಿಪ್‌ಗಳನ್ನು ಜೇಬಿನಲ್ಲಿಟ್ಟುಕೊಂಡು ಮನೆಗೆ ಬಂದವನು ನಾನು. ವೈದ್ಯನಲ್ಲ ಎಂಬುದನ್ನು ಮರೆಯದೆ ಓದು.

ಮೊದಲು ಒಂದು ನೋಟ್‌ಬುಕ್ ತೆಗೆದುಕೋ. ಯಾವ ಮಾತ್ರೆ ಎಷ್ಟು ಗಂಟೆಗೆ ಹೊಟ್ಟೆಗೆ ಹೋಯಿತು, ತೊಂದರೆ ಎಷ್ಟು ಗಂಟೆಗೆ ಕಾಣಿಸಿತು, ಎಷ್ಟು ಹೊತ್ತು ಇತ್ತು, ಇಷ್ಟನ್ನೇ ಬರೆ. ಒಟ್ಟಿಗೆ ಶುರುವಾದ ಔಷಧಿಗಳಲ್ಲಿ ತಪ್ಪಿತಸ್ಥನನ್ನು ಊಹೆಯಿಂದ ಹಿಡಿಯಲಾಗದು. ರಾತ್ರಿ ತೆಗೆದುಕೊಂಡ ಒಲಾಂಜಪಿನ್‌ನ ಮಂಪರನ್ನು ನಾನು ತಿಂಗಳುಗಟ್ಟಲೆ ಲಿಥಿಯಂನ ತಲೆಗೆ ಕಟ್ಟಿದ್ದೆ. ನನ್ನ ಪುಟಗಳನ್ನು ನೋಡಿದ ವೈದ್ಯರು ಒಂದೇ ಒಂದು ಮಾತ್ರೆಯ ಹೊತ್ತನ್ನು ಬದಲಿಸಿದರು, ಮಿಕ್ಕವನ್ನು ಮುಟ್ಟಲಿಲ್ಲ. ಒಮ್ಮೆಗೆ ಒಂದೇ ಬದಲಾವಣೆ ಎಂಬ ಅವರ ಪದ್ಧತಿ ಆಗ ನನಗೆ ಆಮೆಯ ನಡಿಗೆಯಂತೆ ಕಂಡಿತ್ತು.

ಈಗ ನಿನ್ನ ಕೈನಡುಕದ ವಿಷಯ. ಚಹಾದ ಲೋಟ ಹಿಡಿದಾಗ ಬೆರಳ ತುದಿಯಲ್ಲಿ ಕಾಣುವ ಸಣ್ಣ ನಡುಕ ಲಿಥಿಯಂ ತೆಗೆದುಕೊಳ್ಳುವ ಅನೇಕರಲ್ಲಿ ಇರುತ್ತದೆ, ಬಾಯಾರಿಕೆಯೂ ಪದೇ ಪದೇ ಮೂತ್ರಕ್ಕೆ ಏಳುವುದೂ ಹಾಗೆಯೇ. ಆದರೆ ನಡುಕ ಜೋರಾಗಿ ಕೈಯೆಲ್ಲ ಅದುರತೊಡಗಿದರೆ, ವಾಂತಿ ಭೇದಿ ಹತ್ತಿದರೆ, ನಾಲಿಗೆ ತೊದಲಿದರೆ, ನಡೆಯುವಾಗ ಓಲಾಡಿದರೆ ಮುಂದಿನ ಭೇಟಿಯವರೆಗೆ ಕಾಯಬೇಡ, ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೋಗು. ರಕ್ತದಲ್ಲಿ ಲಿಥಿಯಂ ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಇರಬೇಕು, 1.5 ದಾಟಿದರೆ ವಿಷದ ಲಕ್ಷಣಗಳು ಶುರುವಾಗಬಹುದು. ಮದ್ದಿಗೂ ವಿಷಕ್ಕೂ ನಡುವೆ ಅಷ್ಟೇ ಅಂತರ. ಪರೀಕ್ಷೆಯ ರಕ್ತವನ್ನು ಕೊನೆಯ ಮಾತ್ರೆ ತೆಗೆದುಕೊಂಡ 12 ಗಂಟೆಗಳ ನಂತರ ಕೊಡಬೇಕು. ನಾನೊಮ್ಮೆ ಬೆಳಗಿನ ಮಾತ್ರೆ ನುಂಗಿಯೇ ಲ್ಯಾಬಿಗೆ ಹೋಗಿ, ಬಂದ ಅಂಕಿಯನ್ನು ಕಂಡು ಮನೆಮಂದಿಯನ್ನೆಲ್ಲ ಹೆದರಿಸಿದ್ದುಂಟು.

ಬಳ್ಳಾರಿಯ ಬೇಸಿಗೆಯಲ್ಲಿರುವ ನಿನಗೆ ಇದನ್ನು ಒತ್ತಿ ಹೇಳುತ್ತೇನೆ: ಮೈಯಲ್ಲಿ ನೀರೂ ಉಪ್ಪೂ ಕಡಿಮೆಯಾದಾಗ ಮೂತ್ರಪಿಂಡ ಲಿಥಿಯಂ ಅನ್ನು ಹೊರಹಾಕದೆ ಹಿಡಿದಿಟ್ಟುಕೊಳ್ಳುತ್ತದೆ. ಆದ್ದರಿಂದ ನೀರು ಕುಡಿಯುತ್ತಿರು, ಊಟದ ಉಪ್ಪನ್ನು ಏಕಾಏಕಿ ಬಿಡಬೇಡ, ನಿಮ್ಮ ಮನೆಯ ಏಕಾದಶಿಯ ನಿರ್ಜಲ ಉಪವಾಸವನ್ನು ಈ ವರ್ಷ ಅಮ್ಮನಿಗೇ ಬಿಟ್ಟುಕೊಡು. ಮಂಡಿನೋವಿಗೆಂದು ಔಷಧಿ ಅಂಗಡಿಯಲ್ಲಿ ಚೀಟಿಯಿಲ್ಲದೆ ಡೈಕ್ಲೊಫೆನಾಕ್ ಕೊಂಡು ನಾಲ್ಕು ದಿನ ನುಂಗಿದ ನಾನು ಐದನೆಯ ದಿನ ಬಚ್ಚಲಿನ ಗೋಡೆ ಹಿಡಿದು ನಿಂತಿದ್ದೆ. ಆ ಮಾತ್ರೆಯೂ ಐಬುಪ್ರೊಫೆನ್ ಎಂಬ ನೋವಿನ ಮಾತ್ರೆಯೂ ಲಿಥಿಯಂ ಮಟ್ಟವನ್ನು ಏರಿಸುತ್ತವೆ. ಅಂಗಡಿಯವನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಜ್ವರಕ್ಕೋ ನೋವಿಗೋ ಪ್ಯಾರಾಸಿಟಮಾಲ್ ಸಾಕಾಗುತ್ತದೆಯೇ ಎಂದು ಮೊದಲು ವೈದ್ಯರನ್ನು ಕೇಳು.

ಒಲಾಂಜಪಿನ್ ತರುವ ಹಸಿವು ಹಸಿವಿನಂತಿರುವುದಿಲ್ಲ. ಎರಡು ಮುದ್ದೆ ಉಂಡು ಕೈ ತೊಳೆದವನು ಡಬ್ಬಿಯ ಚಕ್ಕುಲಿಗೆ ಕೈಹಾಕಿರುತ್ತಾನೆ. ಮೂರು ತಿಂಗಳಲ್ಲಿ ನಾನು ಆರು ಕಿಲೋ ಏರಿದೆ, ಅದನ್ನು ಸೋಮಾರಿತನವೆಂದು ಕರೆದ ನೆಂಟರಿಗೆ ಇಂದಿಗೂ ಉತ್ತರ ಕೊಟ್ಟಿಲ್ಲ. ಇವತ್ತೇ ತೂಕವನ್ನೂ ಸೊಂಟದ ಸುತ್ತಳತೆಯನ್ನೂ ಬರೆದಿಡು, ಸಕ್ಕರೆ ಮತ್ತು ಕೊಲೆಸ್ಟರಾಲ್ ಪರೀಕ್ಷೆಯ ದಿನವನ್ನು ಕೇಳಿಕೋ. ಏರಿದ್ದನ್ನು ಇಳಿಸುವುದು ಕಷ್ಟ. ಮೊದಲ ವಾರಗಳಲ್ಲೇ ತಿಳಿಸಿದರೆ ವೈದ್ಯರಿಗೆ ಬೇರೆ ದಾರಿ ನೋಡಲು ಸಮಯವಿರುತ್ತದೆ.

ಹಾಸಿಗೆಯಿಂದ ಏಳುವಾಗ ತಲೆ ಸುತ್ತಿದರೆ ಒಂದು ನಿಮಿಷ ಅಂಚಿನಲ್ಲಿ ಕೂತು ಏಳು. ಮಂಪರು ಇಳಿಯುವವರೆಗೆ ಬೈಕ್ ಬೇಡ, ಮದ್ಯವಂತೂ ಬೇಡವೇ ಬೇಡ. ಮೈ ಮರದಂತೆ ಸೆಟೆದು ಜೋರು ಜ್ವರ ಬಂದರೆ ಅದೂ ತುರ್ತು ಸ್ಥಿತಿ.

ಬಿಟ್ಟುಬಿಡುವ ಯೋಚನೆಯನ್ನು ವೈದ್ಯರ ಮುಂದೆಯೇ ಬಾಯಿಬಿಟ್ಟು ಹೇಳು. ಕ್ಲೊನಾಜೆಪಾಮ್ ಅನ್ನು ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಲಿಥಿಯಂ ನಿಲ್ಲಿಸಿದರೆ ಉನ್ಮಾದ ಮರಳಬಹುದು. ನಡುರಾತ್ರಿ ಯಾರೂ ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡು, ಕನ್ನಡದಲ್ಲೇ ಮಾತಾಡಬಹುದು.

ಮುಂದಿನ ಭೇಟಿಗೆ ನಾನೂ ಬರುತ್ತೇನೆ. ಮೊದಲ ವಾರದ ಪುಟದ ಫೋಟೋ ಕಳಿಸು. ಅಕ್ಷರ ನಡುಗಿದ್ದರೂ ಓದಿಕೊಳ್ಳುತ್ತೇನೆ.

ನಿನ್ನ ಗೆಳೆಯ